ಬಿಳಿಯ ಇಗರ್ಜಿಯ ಊರಿನಲ್ಲಿ ಮೂರು ದಿನ

ಸೈನ್ಯದಳಗಳ ಚರಿತ್ರೆಯನ್ನು ಬರೆಯುವುದಕ್ಕೆ ರೂಢಿಯಾದ ಒಂದು ಕ್ರಮವಿದೆ. ದಳ ಹುಟ್ಟಿದ ದಿನ, ಅದರಲ್ಲಿದ್ದ ರೆಜಿಮೆಂಟುಗಳ ಸಂಖ್ಯೆ, ದಾಟಿದ ನದಿಗಳು, ಹಿಡಿದ ಊರುಗಳು, ಬದಲಾದ ನಾಯಕರ ಹೆಸರುಗಳು, ಸತ್ತವರ ಲೆಕ್ಕ, ಕೊನೆಗೆ ಶರಣಾಗತಿಯ ತಾರೀಕು. ಎಲ್ಲವೂ ಎರಡು ಪುಟಗಳಲ್ಲಿ ಮುಗಿಯುತ್ತದೆ. ಓದಿದವನಿಗೆ ಆ ದಳ ಎಲ್ಲೆಲ್ಲಿ ಇತ್ತೆಂಬುದು ತಿಳಿಯುತ್ತದೆ; ಅಲ್ಲಿ ಅದು ಏನನ್ನು ಕಂಡಿತು, ಕಂಡದ್ದಕ್ಕೆ ಏನು ಮಾಡಿತು ಎಂಬುದು ತಿಳಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಕಟ್ಟಿದ ನೂರಾರು ಪದಾತಿ ಡಿವಿಜನ್‌ಗಳಲ್ಲಿ 295ನೆಯದು ಒಂದು. ಅದರ ಚರಿತ್ರೆಯೂ ಹೀಗೆಯೇ ಎರಡು ಪುಟಗಳಲ್ಲಿ ಮುಗಿಯಬಹುದಾಗಿತ್ತು. ಹಾಗೆ ಮುಗಿಯದಂತೆ ಮಾಡಿದ್ದು ಉಕ್ರೇನಿನ ಒಂದು ಸಣ್ಣ ಊರು, ಆ ಊರ ಅಂಚಿನ ಒಂದು ಮನೆ, 1941ರ ಆಗಸ್ಟ್ ತಿಂಗಳ ಮೂರು ದಿನಗಳು.

ಈ ಡಿವಿಜನ್ ಹುಟ್ಟಿದ್ದು 1940ರ ಫೆಬ್ರವರಿಯಲ್ಲಿ. ಪೋಲೆಂಡ್ ಆಗಲೇ ಸೋತಿತ್ತು. ಫ್ರಾನ್ಸಿನ ಮೇಲಿನ ದಾಳಿಗೆ ಸಿದ್ಧತೆ ನಡೆದಿತ್ತು. 516, 517, 518 ಎಂಬ ಮೂರು ಪದಾತಿ ರೆಜಿಮೆಂಟುಗಳು, ಒಂದು ಫಿರಂಗಿ ರೆಜಿಮೆಂಟು, ಜೊತೆಗೆ ಸೇತುವೆ ಕಟ್ಟುವವರು, ತಂತಿ ಸಂಪರ್ಕದವರು, ವೈದ್ಯರು, ಅಡುಗೆಯವರು, ಪಾದ್ರಿಗಳು. ಜರ್ಮನ್ ಸೇನೆ ಎಂದೊಡನೆ ಟ್ಯಾಂಕುಗಳ ಸಾಲು ಕಣ್ಣಮುಂದೆ ಬರುವುದು ಸಹಜ. ಆದರೆ ಅದರ ಬಹುಪಾಲು ಡಿವಿಜನ್‌ಗಳು ಕಾಲ್ನಡಿಗೆಯವು; ಅವುಗಳ ಫಿರಂಗಿಯನ್ನೂ ರೊಟ್ಟಿಯನ್ನೂ ಎಳೆಯುತ್ತಿದ್ದುದು ಕುದುರೆಗಳು. ಪೂರ್ಣಬಲದ ಇಂತಹ ಒಂದು ಡಿವಿಜನ್ ಎಂದರೆ ಸುಮಾರು 15ರಿಂದ 17 ಸಾವಿರ ಜನ, ನಾಲ್ಕೈದು ಸಾವಿರ ಕುದುರೆ. ಅದು ನಡೆದು ಹೋಗುವ ಒಂದು ಪಟ್ಟಣವೇ ಸರಿ.

1941ರ ಜೂನ್ 22ರಂದು ಹಿಟ್ಲರನ ಸೇನೆಗಳು ಸೋವಿಯತ್ ಒಕ್ಕೂಟದ ಗಡಿಯನ್ನು ದಾಟಿದಾಗ 295ನೆಯ ಡಿವಿಜನ್ ದಕ್ಷಿಣದ ಸೇನಾಸಮೂಹದಲ್ಲಿತ್ತು. ಉರಿಬಿಸಿಲಿನಲ್ಲಿ, ಧೂಳಿನಲ್ಲಿ, ದಿನಕ್ಕೆ ಹತ್ತಾರು ಮೈಲಿ ನಡೆದು ಉಕ್ರೇನಿನ ಗೋದಿಯ ಬಯಲನ್ನು ಹೊಕ್ಕಿತು. ಆಗಸ್ಟ್ ತಿಂಗಳ ನಡುವಿನಲ್ಲಿ ಅದು ಕೀವ್ ನಗರದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ದೂರದ ಬೀಲಾ ತ್ಸೆರ್ಕ್ವಾದಲ್ಲಿ ಬೀಡುಬಿಟ್ಟಿತ್ತು. ಆ ಊರ ಹೆಸರಿನ ಅರ್ಥ ‘ಬಿಳಿಯ ಇಗರ್ಜಿ’ ಎಂದು. ಅದು ಫೀಲ್ಡ್ ಮಾರ್ಷಲ್ ವಾಲ್ಟರ್ ಫಾನ್ ರೈಖೆನೌ ಅವರ ಆರನೆಯ ಸೇನೆಯ ಹತೋಟಿಯಲ್ಲಿದ್ದ ಪ್ರದೇಶ.

ಸೇನೆಯ ಬೆನ್ನಿಗೇ ಇನ್ನೊಂದು ಬಗೆಯ ತುಕಡಿಗಳೂ ನಡೆದು ಬರುತ್ತಿದ್ದವು. ಎಸ್.ಎಸ್. ಸಂಘಟನೆಗೆ ಸೇರಿದ ಅವುಗಳ ಕೆಲಸ ಯುದ್ಧವಲ್ಲ. ಗೆದ್ದ ನೆಲದಲ್ಲಿ ಯಹೂದಿಗಳನ್ನೂ ಕಮ್ಯುನಿಸ್ಟರನ್ನೂ ಹುಡುಕಿ ಕೊಲ್ಲುವುದು. ಆರನೆಯ ಸೇನೆಯ ಪ್ರದೇಶದಲ್ಲಿ ಈ ಕೆಲಸ ಪೌಲ್ ಬ್ಲೋಬೆಲ್ ಎಂಬವನ ನಾಯಕತ್ವದ ‘ವಿಶೇಷ ತುಕಡಿ 4ಎ’ಗೆ ಸೇರಿತ್ತು. ಅದರ ಒಂದು ಭಾಗ ಔಗುಸ್ಟ್ ಹೆಫ್ನರ್ ಎಂಬ ಅಧಿಕಾರಿಯ ಕೈಕೆಳಗೆ ಬೀಲಾ ತ್ಸೆರ್ಕ್ವಾಕ್ಕೆ ಬಂದು, ಆಗಸ್ಟ್ ತಿಂಗಳ ಮೊದಲರ್ಧದಲ್ಲಿ ಊರಿನ ಯಹೂದಿ ಗಂಡಸರನ್ನೂ ಹೆಂಗಸರನ್ನೂ ನೂರುನೂರಾಗಿ ಗುಂಡಿಟ್ಟು ಕೊಂದಿತು. ಉಳಿದವರು ಮಕ್ಕಳು. 19ರ ಸಂಜೆ ಅವರಲ್ಲಿ ಹಲವರನ್ನು ಲಾರಿಗಳಲ್ಲಿ ತುಂಬಿ ಕೊಂಡೊಯ್ದರು. ಸುಮಾರು 90 ಮಕ್ಕಳು ಊರ ಅಂಚಿನ ಒಂದು ಮನೆಯಲ್ಲಿ ಬಾಕಿಯಾದರು.

ಆ ಮನೆಯ ಆಸುಪಾಸಿನಲ್ಲಿ ಡಿವಿಜನ್ನಿನ ಸಿಪಾಯಿಗಳು ಬೀಡುಬಿಟ್ಟಿದ್ದರು. ರಾತ್ರಿಯಿಡೀ ಮಕ್ಕಳ ಅಳು ಕೇಳಿಸಿತು. ಯುದ್ಧವನ್ನು ಕಂಡು ಬಂದ ಆ ಗಂಡಸರಿಗೆ ನಿದ್ದೆ ಬರಲಿಲ್ಲ. 20ರಂದು ಕೆಲವರು ಸೇನಾ ಆಸ್ಪತ್ರೆಯ ಇಬ್ಬರು ಪಾದ್ರಿಗಳ ಬಳಿಗೆ ಹೋಗಿ ಸಂಗತಿಯನ್ನು ತಿಳಿಸಿದರು. ಒಬ್ಬರು ಕ್ಯಾಥೋಲಿಕ್, ಒಬ್ಬರು ಪ್ರಾಟೆಸ್ಟಂಟ್. ಅವರಿಬ್ಬರೂ ಹೋಗಿ ಕಣ್ಣಾರೆ ಕಂಡು, ಡಿವಿಜನ್ನಿನ ಪಾದ್ರಿಗಳಿಬ್ಬರಿಗೆ ವರದಿ ಮಾಡಿದರು. ಅವರೂ ಆ ಮನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಡಿವಿಜನ್ನಿನ ಮುಖ್ಯ ಸ್ಟಾಫ್ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಹೆಲ್ಮುತ್ ಗ್ರೋಸ್ಕುರ್ಟ್ ಅವರಿಗೆ ಮುಟ್ಟಿತು.

ಗ್ರೋಸ್ಕುರ್ಟ್ ಸಾಮಾನ್ಯ ಅಧಿಕಾರಿಯಾಗಿರಲಿಲ್ಲ. 1898ರಲ್ಲಿ ಜನಿಸಿದ ಅವರು ಪ್ರಾಟೆಸ್ಟಂಟ್ ಪಾದ್ರಿಯೊಬ್ಬರ ಮಗ. ಯುದ್ಧಕ್ಕೆ ಮುಂಚೆ ಅಡ್ಮಿರಲ್ ಕನಾರಿಸ್ ಅವರ ಬೇಹುಗಾರಿಕೆ ಇಲಾಖೆಯಲ್ಲಿದ್ದು, ಹಿಟ್ಲರನನ್ನು ಅಧಿಕಾರದಿಂದ ಇಳಿಸಲು ಹವಣಿಸಿದ ಸೇನಾಧಿಕಾರಿಗಳ ಗುಂಪಿನಲ್ಲಿ ಸೇರಿದ್ದರು. ಪೋಲೆಂಡಿನಲ್ಲಿ ಎಸ್.ಎಸ್. ನಡೆಸಿದ ಕೊಲೆಗಳ ವರದಿಗಳನ್ನು ಸಂಗ್ರಹಿಸಿ, ಪಶ್ಚಿಮದ ಗಡಿಯಲ್ಲಿದ್ದ ಜನರಲ್‌ಗಳಿಗೆ ತೋರಿಸಿ, ಅವರ ಮನಸ್ಸನ್ನು ಕಲಕಲು ಯತ್ನಿಸಿದ್ದರು. ಮನಸ್ಸು ಕಲಕಿತೋ ಇಲ್ಲವೋ, 1940ರ ಆರಂಭದಲ್ಲಿ ಗ್ರೋಸ್ಕುರ್ಟ್ ಅವರಿಗೆ ಆ ಹುದ್ದೆ ಹೋಯಿತು. ಅಲ್ಲಿಂದ ದಂಡಿನ ನಡುವಿಗೆ ಬಂದವರು ಈಗ ಈ ಡಿವಿಜನ್ನಿನಲ್ಲಿದ್ದರು. ಪೋಲೆಂಡಿನ ವಿಷಯವನ್ನು ಕಾಗದದಲ್ಲಿ ಓದಿದ್ದ ಅವರು ಈಗ ಅದನ್ನು ಕಣ್ಣೆದುರು ನೋಡಬೇಕಾಯಿತು.

ಅಂದು ಮಧ್ಯಾಹ್ನವೇ ಅವರು ಆ ಮನೆಗೆ ಹೋದರು. ಕಂಡದ್ದನ್ನು ಮರುದಿನ ವರದಿಯಲ್ಲಿ ಬರೆದಿಟ್ಟಿದ್ದಾರೆ; ಪಾದ್ರಿಗಳ ವರದಿಗಳೂ ಅದಕ್ಕೆ ಹೊಂದುತ್ತವೆ. ಇಕ್ಕಟ್ಟಾದ ಕೋಣೆಗಳಲ್ಲಿ ಮಕ್ಕಳು ತಮ್ಮದೇ ಹೊಲಸಿನ ನಡುವೆ ಬಿದ್ದುಕೊಂಡಿದ್ದರು. ಕೆಲವು ತಿಂಗಳ ಕೂಸುಗಳಿಂದ ಹಿಡಿದು ಆರೇಳು ವರ್ಷದವರವರೆಗೆ. ತಿನ್ನಲು ರೊಟ್ಟಿಯಿಲ್ಲ, ಕುಡಿಯಲು ನೀರಿಲ್ಲ, ಮೈಮೇಲೆ ನೊಣ. ಬಾಗಿಲಲ್ಲಿ ಉಕ್ರೇನಿಯನ್ ಮಿಲಿಷಿಯಾದ ಕಾವಲು. ಅಲ್ಲಿದ್ದ ಎಸ್.ಎಸ್. ಮನುಷ್ಯನನ್ನು ವಿಚಾರಿಸಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಇವರ ತಂದೆತಾಯಿಗಳನ್ನು ಕೊಂದಾಗಿದೆ, ಇನ್ನು ಇವರನ್ನೂ ಕೊಲ್ಲಲಾಗುತ್ತದೆ ಎಂದ.

ಗ್ರೋಸ್ಕುರ್ಟ್ ಊರಿನ ಸೇನಾಡಳಿತದ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ರೀಡ್ಲ್ ಅವರ ಬಳಿಗೆ ಹೋದರು. ರೀಡ್ಲ್ ಅವರಿಗೆ ಎಲ್ಲವೂ ಗೊತ್ತಿತ್ತು, ಎಲ್ಲಕ್ಕೂ ಒಪ್ಪಿಗೆಯಿತ್ತು. ಅಲ್ಲಿಂದ ದಕ್ಷಿಣ ಸೇನಾಸಮೂಹದ ಕಚೇರಿಗೆ ಟೆಲಿಫೋನ್ ಮಾಡಿದರು. ಇದು ಆರನೆಯ ಸೇನೆಗೆ ಸಂಬಂಧಿಸಿದ್ದು, ಅಲ್ಲಿಯೇ ಕೇಳಬೇಕೆಂದು ಅವರು ಹೇಳಿದರು. ಆರನೆಯ ಸೇನೆಯ ನಿರ್ಧಾರ ಬರುವವರೆಗೆ ಮಕ್ಕಳನ್ನು ಕೊಂಡೊಯ್ಯಕೂಡದೆಂದು ಗ್ರೋಸ್ಕುರ್ಟ್ ತಡೆ ಹಾಕಿದರು. ತುಂಬಿ ಸಿದ್ಧವಾಗಿದ್ದ ಲಾರಿ ನಿಂತಿತು. ಮಕ್ಕಳಿಗೆ ರೊಟ್ಟಿ, ನೀರು ದೊರೆಯಿತು. ಡಿವಿಜನ್ ಚರಿತ್ರೆಯಲ್ಲಿ ಒಬ್ಬ ಅಧಿಕಾರಿಯ ಮಾತಿಗೆ ಕೊಲೆ ನಿಂತ ಗಳಿಗೆಯೊಂದಿದ್ದರೆ ಅದು ಇದೇ. ಆದರೆ ಅದು ಎರಡು ದಿನ ಮಾತ್ರ ನಿಂತಿತು.

21ರ ಬೆಳಿಗ್ಗೆ ರೀಡ್ಲ್ ಅವರ ಕಚೇರಿಯಲ್ಲಿ ಸಭೆ ಸೇರಿತು. ಆರನೆಯ ಸೇನೆಯ ಪ್ರತಿನಿಧಿಯಾಗಿ ಬಂದ ಒಬ್ಬ ಕ್ಯಾಪ್ಟನ್, ಬ್ಲೋಬೆಲ್, ಹೆಫ್ನರ್, ರೀಡ್ಲ್, ಗ್ರೋಸ್ಕುರ್ಟ್. ಮೇಜಿನ ಸುತ್ತ ಕುಳಿತು ಚರ್ಚಿಸಿದ ವಿಷಯ ತೊಂಬತ್ತು ಮಕ್ಕಳು ಬದುಕಬೇಕೇ ಎಂಬುದಾಗಿರಲಿಲ್ಲ. ಅದು ಮೊದಲೇ ನಿರ್ಧಾರವಾಗಿತ್ತು. ಹಿಡಿದ ಕೆಲಸವನ್ನು ಮುಗಿಸಲೇಬೇಕೆಂದು ರೈಖೆನೌ ಒಪ್ಪಿಗೆ ಕೊಟ್ಟಿದ್ದರು. ಚರ್ಚೆಯಾದದ್ದು ಸಿಪಾಯಿಗಳ ಕಣ್ಣಿಗೆ ಬೀಳದಂತೆ ಅದನ್ನು ಹೇಗೆ ಮಾಡುವುದು ಎಂಬುದು. ನಡುವೆ ಮೂಗು ತೂರಿಸಿದ ದಳದವರೇ ಗುಂಡು ಹಾರಿಸಲಿ ಎಂಬ ಮಾತೂ ಬ್ಲೋಬೆಲ್‌ನ ಕಡೆಯಿಂದ ಬಂತು. ಗ್ರೋಸ್ಕುರ್ಟ್ ಅದನ್ನು ನಿರಾಕರಿಸಿದರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಮಾಡುವ ಅಧಿಕಾರ ತಮಗಿಲ್ಲವೆಂದು ಅವರು ಭಾವಿಸಿದಂತಿದೆ.

22ರಂದು ಮಕ್ಕಳನ್ನು ಕೊಂದರು. ಕೊಲ್ಲುವವರು ಯಾರಾಗಬೇಕೆಂಬ ಬಗ್ಗೆ ಬ್ಲೋಬೆಲ್ ಮತ್ತು ಹೆಫ್ನರ್ ನಡುವೆ ನಡೆದ ಜಗ್ಗಾಟವನ್ನು ಹೆಫ್ನರ್‌ನೇ ಯುದ್ಧದ ಎಷ್ಟೋ ವರ್ಷಗಳ ಮೇಲೆ ವಿಚಾರಣೆಯಲ್ಲಿ ಹೇಳಿದ. ಎಸ್.ಎಸ್. ಸಿಪಾಯಿಗಳು ಎಳೆಯ ಪ್ರಾಯದವರು, ಅವರ ಕೈಯಲ್ಲಿ ಇದನ್ನು ಮಾಡಿಸಬಾರದು. ತನ್ನ ಜನರಿಗೂ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅವರ ಕೈಯಲ್ಲೂ ಆಗದು. ಆದುದರಿಂದ ಉಕ್ರೇನಿಯನ್ ಮಿಲಿಷಿಯಾದವರು ಮಾಡಲಿ ಎಂದು ತಾನೇ ಸೂಚಿಸಿದನಂತೆ. ಊರ ಹೊರಗಿನ ಕಾಡಿನಲ್ಲಿ ಗುಂಡಿ ತೋಡಿ ಆಗಿತ್ತು. ಬಂದೂಕು ಹಿಡಿದು ನಿಂತ ಆ ಮಿಲಿಷಿಯಾದವರು ನಡುಗುತ್ತಿದ್ದರೆಂದು ಅವನು ನೆನಪಿಸಿಕೊಂಡ. ಕೊಲ್ಲಬಾರದು ಎಂಬ ಅರಿವು ಅಲ್ಲಿದ್ದವರಲ್ಲಿ ಯಾರಿಗೂ ಇರಲಿಲ್ಲವೆಂದಲ್ಲ. ತಾನು ಕೊಲ್ಲಬಾರದು ಎಂಬಷ್ಟರಮಟ್ಟಿಗೆ ಎಲ್ಲರಿಗೂ ಅದು ಇತ್ತು.

ಗ್ರೋಸ್ಕುರ್ಟ್ ತಮ್ಮ ವರದಿಯನ್ನು ಮೇಲಕ್ಕೆ ಕಳುಹಿಸಿದರು. ಶತ್ರುಗಳು ಮಾಡುವ ಕ್ರೌರ್ಯವೆಂದು ಯಾವುದನ್ನು ದಿನವೂ ಸಿಪಾಯಿಗಳಿಗೆ ಹೇಳಲಾಗುತ್ತಿದೆಯೋ, ಅದಕ್ಕೂ ಇಲ್ಲಿ ನಡೆದದ್ದಕ್ಕೂ ಯಾವ ಭೇದವೂ ಇಲ್ಲವೆಂದು ಅದರಲ್ಲಿ ಬರೆದರು. 1941ರ ಜರ್ಮನ್ ಸೇನೆಯಲ್ಲಿ, ಹೆಸರು ಹಾಕಿ, ಸಹಿ ಹಾಕಿ ಈ ಮಾತನ್ನು ಬರೆಯುವುದು ಸಣ್ಣ ಧೈರ್ಯವಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಹಿರಿಯರನ್ನು ಕೊಂದ ಮೇಲೆ ಮಕ್ಕಳನ್ನು ಇಲ್ಲವಾಗಿಸುವುದು ಅನಿವಾರ್ಯವಾಯಿತು, ಅದನ್ನು ಆಗಲೇ ಮಾಡಿದ್ದರೆ ಈ ಅಮಾನುಷ ಯಾತನೆ ತಪ್ಪುತ್ತಿತ್ತು ಎಂಬ ಅರ್ಥದ ಮಾತು. ಇದು ಎದುರಾಳಿಗಳ ವಾದವನ್ನು ದಾಖಲಿಸಿದ್ದೋ, ರೈಖೆನೌ ಅವರ ಮುಂದೆ ವರದಿ ನಿಲ್ಲಬೇಕೆಂದು ಆಡಿದ ಜಾಣತನವೋ, ಬರೆದವರ ಮನಸ್ಸಿನೊಳಗೇ ಇದ್ದದ್ದೋ ಎಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಆ ವಾಕ್ಯವನ್ನು ಬಿಟ್ಟು ಗ್ರೋಸ್ಕುರ್ಟ್ ಅವರನ್ನು ಕೊಂಡಾಡುವುದು ಸುಲಭ. ಆ ಒಂದು ವಾಕ್ಯವನ್ನೇ ಹಿಡಿದು ಅವರನ್ನು ತಳ್ಳಿಹಾಕುವುದೂ ಸುಲಭ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದೇ ಕಷ್ಟ. ದುಷ್ಟ ವ್ಯವಸ್ಥೆಯೊಳಗೆ ನಿಂತು ಅದನ್ನು ತಡೆಯಹೊರಟವನು ಅದರ ಭಾಷೆಯಲ್ಲೇ ಮಾತನಾಡಬೇಕಾಗುತ್ತದೆ, ಆ ಭಾಷೆ ಅವನ ಬಾಯಲ್ಲಿ ಏನನ್ನು ಉಳಿಸುತ್ತದೆ ಎಂಬುದಕ್ಕೆ ಆ ವರದಿ ಸಾಕ್ಷಿ.

ಕೆಲವೇ ದಿನಗಳಲ್ಲಿ ರೈಖೆನೌ ಅವರ ಉತ್ತರ ಬಂತು. ಇಂತಹ ವರದಿಯನ್ನು ಬರೆಯದೇ ಇದ್ದಿದ್ದರೆ ಲೇಸಾಗುತ್ತಿತ್ತು ಎಂಬುದು ಅದರ ತಾತ್ಪರ್ಯ. ಮಕ್ಕಳ ಸಾವು ಅವರಿಗೆ ಅನುಚಿತವೆನಿಸಲಿಲ್ಲ. ಅದನ್ನು ಕಾಗದಕ್ಕಿಳಿಸಿದ್ದು ಅನುಚಿತವೆನಿಸಿತು. ಅಕ್ಟೋಬರ್ 10ರಂದು ಇದೇ ರೈಖೆನೌ, ಯಹೂದಿಗಳ ಮೇಲಿನ ಕಠಿಣ ಕ್ರಮಗಳು ನ್ಯಾಯವಾದುವೆಂದು ಸಿಪಾಯಿಗಳು ಅರಿಯಬೇಕು ಎಂಬ ಆಜ್ಞಾಪತ್ರವನ್ನು ಹೊರಡಿಸಿದರು. ಹಿಟ್ಲರನಿಗೆ ಅದು ಮೆಚ್ಚಾಯಿತು. ಇತರ ಸೇನೆಗಳಿಗೂ ಅದನ್ನು ಹಂಚಿದರು. ಅಷ್ಟರಲ್ಲಿ ಬ್ಲೋಬೆಲ್‌ನ ತುಕಡಿ ಕೀವ್ ನಗರವನ್ನು ತಲುಪಿ, ಸೆಪ್ಟೆಂಬರ್ 29 ಮತ್ತು 30ರಂದು ಬಾಬಿ ಯಾರ್ ಕಮರಿಯಲ್ಲಿ, ಅದರದೇ ಲೆಕ್ಕದ ಪ್ರಕಾರ, 33,771 ಯಹೂದಿಗಳನ್ನು ಕೊಂದಿತ್ತು. ಬೀಲಾ ತ್ಸೆರ್ಕ್ವಾದಲ್ಲಿ ಎದ್ದ ತಡೆ ಒಂದು ಮನೆಯ ಬಾಗಿಲಲ್ಲೇ ಸೋತಿತ್ತು. ಮುಂದೆ ತಡೆಯುವವರೇ ಇರಲಿಲ್ಲ.

ಡಿವಿಜನ್ ಮುಂದಕ್ಕೆ ನಡೆಯಿತು. ಆ ಚಳಿಗಾಲವನ್ನು ಡೊನೆಟ್ಸ್ ನದಿಯ ಪ್ರದೇಶದಲ್ಲಿ ಕಳೆದು, 1942ರ ಬೇಸಿಗೆಯಲ್ಲಿ ಡಾನ್ ನದಿಯನ್ನು ದಾಟಿ, ಸೆಪ್ಟೆಂಬರಿನಲ್ಲಿ ವೋಲ್ಗಾ ದಂಡೆಯ ಸ್ಟಾಲಿನ್‌ಗ್ರಾಡ್ ನಗರವನ್ನು ಮುಟ್ಟಿತು. ಅಲ್ಲಿ ಅದರ ಪಾಲಿಗೆ ಬಂದುದು ಮಾಮಯೇವ್ ಕುರ್ಗಾನ್ ಎಂಬ ದಿಬ್ಬ. ನಕ್ಷೆಯಲ್ಲಿ ಅದರ ಎತ್ತರ 102 ಮೀಟರ್. ಅದರ ತುದಿಯಿಂದ ನಗರವೂ ನದಿಯ ಹಾಯಗಡವೂ ಕಾಣುತ್ತಿದ್ದವು. ಸೆಪ್ಟೆಂಬರ್ ನಡುವಿನಲ್ಲಿ ಡಿವಿಜನ್ ಆ ದಿಬ್ಬವನ್ನು ಏರಿತು. ರಾತ್ರಿ ವೋಲ್ಗಾವನ್ನು ದಾಟಿ ಬಂದ ಜನರಲ್ ರೊಡಿಮ್ತ್ಸೆವ್ ಅವರ 13ನೆಯ ಗಾರ್ಡ್ಸ್ ಡಿವಿಜನ್ ಅದನ್ನು ಮರಳಿ ಕಿತ್ತುಕೊಂಡಿತು. ಆಮೇಲೆ ತಿಂಗಳುಗಟ್ಟಲೆ ಅದೇ ಹತ್ತುವುದು, ಇಳಿಯುವುದು. ಗುಂಡಿನ ಮಳೆಗೆ ಆ ಚಳಿಗಾಲದಲ್ಲಿ ದಿಬ್ಬದ ಮೇಲೆ ಹಿಮ ನಿಲ್ಲುತ್ತಿರಲಿಲ್ಲವೆಂದು ಹೇಳುತ್ತಾರೆ. ನವೆಂಬರ್ 23ರಂದು ಸೋವಿಯತ್ ಸೇನೆಗಳು ಹಿಂದಿನಿಂದ ಬಂದು ಸೇರಿ ಇಡೀ ಆರನೆಯ ಸೇನೆಯನ್ನು ಸುತ್ತುಗಟ್ಟಿದವು. ಕುದುರೆಗಳನ್ನು ಕಡಿದು ತಿನ್ನುವ ದಿನಗಳು ಬಂದವು. ಮೆರವಣಿಗೆಯಂತೆ ಬಂದಿದ್ದ ಆ ನಡೆಯುವ ಪಟ್ಟಣ ಹೀಗೆ ತನ್ನ ಕಾಲುಗಳನ್ನೇ ತಿಂದು ಮುಗಿಸಿತು.

1943ರ ಜನವರಿ ಕೊನೆಯಲ್ಲಿ ಡಿವಿಜನ್ನಿನ ನಾಯಕ ಜನರಲ್ ಒಟ್ಟೋ ಕೊರ್ಫೆಸ್ ಉಳಿದವರೊಂದಿಗೆ ಸೆರೆಯಾದರು. ಸ್ಟಾಲಿನ್‌ಗ್ರಾಡಿನಲ್ಲಿ ಸೆರೆಸಿಕ್ಕಿದ ಸುಮಾರು 90 ಸಾವಿರ ಜನರಲ್ಲಿ ಮನೆಗೆ ಮರಳಿದವರು ಐದಾರು ಸಾವಿರ. ಗ್ರೋಸ್ಕುರ್ಟ್ ಅಷ್ಟರಲ್ಲಿ ಈ ಡಿವಿಜನ್ನನ್ನು ಬಿಟ್ಟು 11ನೆಯ ಸೇನಾ ಕೋರಿನ ಸ್ಟಾಫ್ ಮುಖ್ಯಸ್ಥರಾಗಿದ್ದರು. ಸುತ್ತುಗಟ್ಟಿನ ಕೊನೆಯ ದಿನಗಳಲ್ಲಿ, ವಿಮಾನ ಹಾರುತ್ತಿದ್ದಾಗಲೇ, ಒಬ್ಬ ಅಧಿಕಾರಿಯನ್ನು ಬರ್ಲಿನ್ನಿಗೆ ಕಳುಹಿಸಿ, ಹಿಟ್ಲರನನ್ನು ಇಳಿಸುವುದಕ್ಕೆ ಇನ್ನಾದರೂ ಕೈಹಾಕಿರೆಂದು ಹಳೆಯ ಗೆಳೆಯರಿಗೆ ಹೇಳಿಸಿದರು. ಯಾರೂ ಕೈಹಾಕಲಿಲ್ಲ. ಫೆಬ್ರವರಿ 2ರಂದು ಅವರೂ ಸೆರೆಯಾದರು. ಏಪ್ರಿಲ್ ತಿಂಗಳಿನಲ್ಲಿ ಫ್ರೊಲೊವೊ ಎಂಬಲ್ಲಿನ ಸೆರೆಶಿಬಿರದಲ್ಲಿ ಟೈಫಸ್ ಜ್ವರದಿಂದ ತೀರಿಕೊಂಡರು. ಆಗ ಅವರ ವಯಸ್ಸು 44.

ಅದೇ ವರ್ಷ 295 ಎಂಬ ಸಂಖ್ಯೆಯನ್ನೇ ಹೊತ್ತ ಹೊಸ ಡಿವಿಜನ್ ಒಂದನ್ನು ನಾರ್ವೆಯಲ್ಲಿ ಕಟ್ಟಿದರು. ಅದು ಕರಾವಳಿಯನ್ನು ಕಾಯುತ್ತಾ 1945ರ ಮೇ ತಿಂಗಳವರೆಗೆ ಅಲ್ಲಿಯೇ ಇದ್ದು ಶರಣಾಯಿತು. ಸಂಖ್ಯೆ ಮಾತ್ರ ಉಳಿಯಿತು, ಮನುಷ್ಯರು ಬೇರೆ.

ಉಳಿದವರ ದಾರಿಗಳು ಬೇರೆ ಬೇರೆಯಾದವು. ಕೊರ್ಫೆಸ್ ಸೋವಿಯತ್ ಸೆರೆಯಲ್ಲಿ ಹಿಟ್ಲರ್‌ವಿರೋಧಿ ಜರ್ಮನ್ ಅಧಿಕಾರಿಗಳ ಸಂಘವನ್ನು ಸೇರಿ, ಯುದ್ಧಾನಂತರ ಪೂರ್ವ ಜರ್ಮನಿಯಲ್ಲಿ ನೆಲೆಸಿದರು. ಅವರ ಹೆಂಡತಿಯ ಸಹೋದರ ಆಲ್ಬ್ರೆಖ್ಟ್ ಮೆರ್ಟ್ಸ್ ಫಾನ್ ಕ್ವಿರ್ನ್‌ಹೈಮ್ 1944ರ ಜುಲೈ 20ರ ಹಿಟ್ಲರ್ ಹತ್ಯೆಯ ಸಂಚಿನಲ್ಲಿ ಪಾಲ್ಗೊಂಡು ಅಂದು ರಾತ್ರಿಯೇ ಗುಂಡಿಗೆ ಬಲಿಯಾಗಿದ್ದರು. ಆ ಮನೆಗೆ ಹೋದ ಪಾದ್ರಿಗಳಲ್ಲಿ ಜೋಸೆಫ್ ಮರಿಯ ರಾಯ್ಸ್ ಮೈಂಟ್ಸ್ ನಗರದಲ್ಲಿಯೂ, ಎರ್ನ್ಸ್ಟ್ ಟೆವೆಸ್ ಮ್ಯೂನಿಕ್ ನಗರದಲ್ಲಿಯೂ ಸಹಾಯಕ ಬಿಷಪ್ಪರಾದರು. ರೈಖೆನೌ 1942ರ ಜನವರಿಯಲ್ಲೇ ತೀರಿಕೊಂಡಿದ್ದರಿಂದ ಯಾವ ನ್ಯಾಯಾಲಯಕ್ಕೂ ಉತ್ತರ ಕೊಡಬೇಕಾಗಲಿಲ್ಲ. ಬ್ಲೋಬೆಲ್‌ನನ್ನು ನ್ಯೂರೆಂಬರ್ಗಿನಲ್ಲಿ ವಿಚಾರಿಸಿ 1951ರಲ್ಲಿ ಗಲ್ಲಿಗೇರಿಸಿದರು. ಹೆಫ್ನರ್‌ನಿಗೆ 1968ರಲ್ಲಿ ಡಾರ್ಮ್‌ಸ್ಟಾಟ್ ನ್ಯಾಯಾಲಯ ಸೆರೆವಾಸ ವಿಧಿಸಿತು.

ಯುದ್ಧ ಮುಗಿದ ಮೇಲೆ ಬಹುಕಾಲ ಜರ್ಮನಿಯಲ್ಲಿ ಒಂದು ಸಮಾಧಾನದ ಮಾತು ಚಾಲ್ತಿಯಲ್ಲಿತ್ತು: ಕೊಲೆಗಳನ್ನು ಮಾಡಿದ್ದು ಎಸ್.ಎಸ್., ಸೇನೆ ಕೇವಲ ಯುದ್ಧ ಮಾಡಿತು ಎಂದು. 1970ರಲ್ಲಿ ಗ್ರೋಸ್ಕುರ್ಟ್ ಅವರ ದಿನಚರಿಗಳು ಪುಸ್ತಕವಾಗಿ ಹೊರಬಂದವು. 1995ರಲ್ಲಿ ಹ್ಯಾಂಬರ್ಗಿನ ಸಂಶೋಧನಾ ಸಂಸ್ಥೆಯೊಂದು ಸೇನೆಯ ಅಪರಾಧಗಳ ಬಗ್ಗೆ ಪ್ರದರ್ಶನ ಏರ್ಪಡಿಸಿದಾಗ ದೇಶವಿಡೀ ವಾಗ್ವಾದವೆದ್ದಿತು. ಬೀಲಾ ತ್ಸೆರ್ಕ್ವಾದ ಕಾಗದಗಳನ್ನು ಓದಿದವರಿಗೆ ಆ ಸಮಾಧಾನದ ಮಾತು ನಿಲ್ಲುವುದಿಲ್ಲ. ಗುಂಡು ಹಾರಿಸಿದ್ದು ಮಿಲಿಷಿಯಾ, ಹಾರಿಸಲು ಹೇಳಿದ್ದು ಎಸ್.ಎಸ್.; ಆದರೆ ಮುಗಿಸಿಬಿಡಿರೆಂದು ಒಪ್ಪಿಗೆ ಕೊಟ್ಟದ್ದು ಸೇನೆಯ ಫೀಲ್ಡ್ ಮಾರ್ಷಲ್, ಕೊಲೆಗೆ ಬೆಂಬಲವಾಗಿ ನಿಂತದ್ದು ಸೇನಾಡಳಿತದ ಕಚೇರಿ. ತಡೆಯಲು ಯತ್ನಿಸಿದವರೂ ಸೇನೆಯವರೇ. ಆ ಮೂರು ದಿನಗಳಲ್ಲಿ ಅಷ್ಟು ಮಂದಿ ಕಂಡರು, ಅಷ್ಟು ಮಂದಿ ನೊಂದರು, ಅಷ್ಟು ಮಂದಿ ತಂತಮ್ಮ ಮೇಲಿನವರಿಗೆ ತಿಳಿಸಿದರು. ಸಿಪಾಯಿ ಪಾದ್ರಿಗೆ, ಪಾದ್ರಿ ಅಧಿಕಾರಿಗೆ, ಅಧಿಕಾರಿ ಸೇನಾ ಕಚೇರಿಗೆ. ಸಂಕಟ ಮೆಟ್ಟಿಲು ಹತ್ತುತ್ತಾ ಹೋಗಿ, ತುದಿಯಲ್ಲಿ ಅದು ಬೇಡವಾಗಿದ್ದ ಮನುಷ್ಯನ ಮೇಜಿನ ಮೇಲೆ ಬಿತ್ತು. ಅಲ್ಲಿಂದ ಆಜ್ಞೆ ಅದೇ ಮೆಟ್ಟಿಲುಗಳನ್ನು ಇಳಿದು ಬಂತು. ಯಾವ ಮೆಟ್ಟಿಲಿನಲ್ಲೂ ಯಾರೂ ಅದನ್ನು ತಡೆದು ನಿಲ್ಲಿಸಲಿಲ್ಲ.

ಮಾಮಯೇವ್ ಕುರ್ಗಾನ್ ಮೇಲೆ ಈಗ ಖಡ್ಗವನ್ನೆತ್ತಿದ ತಾಯಿನಾಡಿನ ಪ್ರತಿಮೆ ನಿಂತಿದೆ. 1967ರಿಂದ ಜನ ಅದನ್ನು ನೋಡಲು ಹೋಗುತ್ತಿದ್ದಾರೆ. ಆ ದಿಬ್ಬ ಡಿವಿಜನ್ನಿನ ಚರಿತ್ರೆಯ ಪ್ರತಿಯೊಂದು ಪುಸ್ತಕದಲ್ಲಿದೆ. ಬೀಲಾ ತ್ಸೆರ್ಕ್ವಾದ ಮನೆ ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಇಲ್ಲ. ಆ ತೊಂಬತ್ತು ಮಕ್ಕಳಲ್ಲಿ ಒಬ್ಬರ ಹೆಸರೂ ಗ್ರೋಸ್ಕುರ್ಟ್ ಅವರ ವರದಿಯಲ್ಲಿಲ್ಲ. ಅವರ ವಯಸ್ಸಷ್ಟೇ ಇದೆ. ಆದರೆ ಬರೆಯದೇ ಇದ್ದಿದ್ದರೆ ಲೇಸಾಗುತ್ತಿತ್ತೆಂದು ಫೀಲ್ಡ್ ಮಾರ್ಷಲ್ ಹೇಳಿದ ಆ ಕಾಗದ ಉಳಿದುದರಿಂದಲೇ ಇಂದು ಅವರಿದ್ದರೆಂದು ಲೋಕಕ್ಕೆ ತಿಳಿದಿದೆ.